ಮನೆ ರೆಡಿ, ಮೀಟರ್ ಇಲ್ಲ: 30×50 ಸೈಟಿನವರು ಎಡವುತ್ತಿರೋದು ಎಲ್ಲಿ?

ದಾವಣಗೆರೆ: ಟೈಲ್ಸ್ ಕೂರಿಸಿ ಆಯ್ತು, ಪೇಂಟಿಂಗ್ ಮುಗೀತು, ಬಾಗಿಲಿಗೆ ತೋರಣ ಕಟ್ಟಿ ಗೃಹಪ್ರವೇಶನೂ ಆಯ್ತು. ಆದರೆ ಗೋಡೆ ಮೇಲಿನ ಮೀಟರ್ ಬೋರ್ಡ್ ಮಾತ್ರ ಖಾಲಿ. ಮನೆ ಕಟ್ಟೋವಾಗ ತಗೊಂಡ ಟೆಂಪರರಿ ಕರೆಂಟಿನಲ್ಲೇ ಫ್ಯಾನ್ ತಿರುಗಬೇಕು, ಮೋಟರ್ ಓಡಬೇಕು. ಅದರ ದರ ಮನೆ ಮೀಟರ್‌ಗಿಂತ ಜಾಸ್ತಿ, ಗೃಹಜ್ಯೋತಿಯೂ ಅದಕ್ಕೆ ಸಿಗಲ್ಲ. ಇಷ್ಟೆಲ್ಲ ಯಾಕೆ ಅಂತ ಕೇಳಿದರೆ ಉತ್ತರ ಒಂದೇ: ಒಸಿ ತನ್ನಿ.

ಒಸಿ ಅಂದರೆ ಸ್ವಾಧೀನಾನುಭವ ಪತ್ರ. ಮಂಜೂರಾದ ನಕ್ಷೆ ಪ್ರಕಾರವೇ ಮನೆ ಕಟ್ಟಿದ್ದಾರೆ, ವಾಸಕ್ಕೆ ಯೋಗ್ಯ ಅಂತ ಸ್ಥಳೀಯ ಸಂಸ್ಥೆ ಕೊಡೋ ಕಾಗದ. ಕೆಲ ವರ್ಷದ ಹಿಂದಿನವರೆಗೆ ನಮ್ಮ ಕಡೆ ಸಣ್ಣ ಮನೆ ಕಟ್ಟಿದವರಲ್ಲಿ ಎಷ್ಟೋ ಜನ ಈ ಹೆಸರೇ ಕೇಳಿರಲಿಲ್ಲ. ಈಗ ನಿಟುವಳ್ಳಿಯಿಂದ ಆವರಗೆರೆ ತನಕ, ಆ ಕಡೆ ಹರಿಹರದಲ್ಲೂ ಮನೆ ಕಟ್ಟೋರ ಮಾತಿನಲ್ಲಿ ಸಿಮೆಂಟು, ಕಬ್ಬಿಣದ ಜೊತೆ ಒಸಿನೂ ಸೇರಿಕೊಂಡಿದೆ.

ಕೇಸು ಮೀರತ್‌ದು, ಬಿಸಿ ಇಲ್ಲಿಗೆ

ಇದು ಶುರುವಾಗಿದ್ದು ಉತ್ತರ ಪ್ರದೇಶದ ಮೀರತ್‌ನಲ್ಲಿ. ವಾಸದ ಮನೆಗೆ ಅಂತ ಕೊಟ್ಟ ಜಾಗದಲ್ಲಿ ಅಂಗಡಿ ಮಳಿಗೆ ಕಟ್ಟಿದ್ದ ಪ್ರಕರಣ ಸುಪ್ರೀಂ ಕೋರ್ಟ್ ವರೆಗೆ ಹೋಯಿತು. 2024ರ ಡಿಸೆಂಬರ್ 17ರಂದು ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದೀವಾಲಾ ಮತ್ತು ಆರ್. ಮಹದೇವನ್ ಅವರ ಪೀಠ ಆ ಕಟ್ಟಡ ಒಡೆಯೋದಕ್ಕೆ ಒಪ್ಪಿಗೆ ಕೊಟ್ಟಿತು. ಅಷ್ಟಕ್ಕೇ ನಿಲ್ಲದೆ ಇಡೀ ದೇಶಕ್ಕೆ ಅನ್ವಯಿಸೋ ಸೂಚನೆಗಳನ್ನೂ ಹೊರಡಿಸಿತು. ಕಟ್ಟೋ ಜಾಗದಲ್ಲಿ ಮಂಜೂರಾದ ನಕ್ಷೆ ಕಾಣುವಂತೆ ಹಾಕಬೇಕು. ಅಧಿಕಾರಿಗಳು ಆಗಾಗ ಬಂದು ತಪಾಸಣೆ ಮಾಡಬೇಕು. ಕರೆಂಟು, ನೀರು, ಒಳಚರಂಡಿ ಸಂಪರ್ಕವನ್ನು ಒಸಿ ನೋಡಿದ ಮೇಲೇ ಕೊಡಬೇಕು. ಕಟ್ಟಡದ ಮೇಲೆ ಸಾಲ ಕೊಡೋ ಬ್ಯಾಂಕುಗಳೂ ಅದನ್ನೇ ನೋಡಬೇಕು.

2025ರಲ್ಲಿ ರಾಜ್ಯದ ವಿದ್ಯುತ್ ಕಂಪನಿಗಳು ಇದನ್ನು ಜಾರಿಗೆ ತಂದವು. ದಾವಣಗೆರೆ ಬೆಸ್ಕಾಂ ವ್ಯಾಪ್ತಿಯಲ್ಲಿರೋದರಿಂದ ಬೆಂಗಳೂರಿನ ನಿಯಮವೇ ಇಲ್ಲಿಗೂ ಬಂತು. ಕಟ್ಟಿ ನಿಂತ ಮನೆಗಳ ಅರ್ಜಿಗಳು ರಾಜ್ಯದ ತುಂಬಾ ಬಾಕಿ ಬಿದ್ದವು.

ವಿನಾಯಿತಿ ಬಂತು, ಆದರೆ ಎಲ್ಲರಿಗೂ ಅಲ್ಲ

ಕೂಗು ಜಾಸ್ತಿಯಾದ ಮೇಲೆ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ 1,200 ಚದರಡಿ ವರೆಗಿನ ನಿವೇಶನದ ವಾಸದ ಮನೆಗಳಿಗೆ ಒಸಿಯಿಂದ ವಿನಾಯಿತಿ ಕೊಡಲು ಒಪ್ಪಿತು. ನೆಲಮಹಡಿ ಮತ್ತು ಮೇಲೆ ಎರಡು ಅಂತಸ್ತು, ಅಥವಾ ಕೆಳಗೆ ಪಾರ್ಕಿಂಗ್ ಬಿಟ್ಟು ಮೇಲೆ ಮೂರು ಅಂತಸ್ತು ಇದರೊಳಗೆ ಬರುತ್ತೆ. 30×40 ಸೈಟಿನವರು ಉಸಿರು ಬಿಟ್ಟರು.

ಆದರೆ 30×50 ಅಂದರೆ 1,500 ಚದರಡಿ. 40×60 ಅಂದರೆ 2,400. ಇವು ವಿನಾಯಿತಿಯ ಹೊರಗೇ ಉಳಿದವು. ಪಕ್ಕಪಕ್ಕದ ಎರಡು ಮನೆ, ಇಬ್ಬರೂ ಒಂದೇ ರೀತಿ ದುಡಿದು ಉಳಿಸಿದವರು. ಸೈಟಿನ ಉದ್ದ ಹತ್ತಡಿ ಜಾಸ್ತಿ ಇದ್ದದ್ದಕ್ಕೆ ಒಬ್ಬರ ದಾರಿಯೇ ಬೇರೆ.

30×40 ಇದ್ದವರಲ್ಲೂ ಒಂದು ತಪ್ಪು ತಿಳಿವಳಿಕೆ ಹಬ್ಬಿದೆ. ಒಸಿ ಬೇಡ ಅಂದರೆ ನಕ್ಷೆನೂ ಬೇಡ, ಲೈಸೆನ್ಸೂ ಬೇಡ ಅಂತ ಕೆಲವರು ಅಂದುಕೊಂಡಿದ್ದಾರೆ. ಹಾಗಿಲ್ಲ. ವಿನಾಯಿತಿ ಇರೋದು ಕೊನೆಯ ಕಾಗದಕ್ಕೆ ಮಾತ್ರ. ಮೊದಲ ಕಾಗದ, ಅಂದರೆ ಕಟ್ಟಡ ಪರವಾನಗಿ, ಎಲ್ಲರಿಗೂ ಬೇಕು.

ತಪ್ಪೋದು ಅಡಿಪಾಯದಲ್ಲೇ

ತೊಂದರೆ ಕಾಣಿಸೋದು ಮೀಟರ್ ಹತ್ತಿರ. ಆದರೆ ಅದು ಹುಟ್ಟೋದು ಒಂದೂವರೆ ವರ್ಷ ಹಿಂದೆ, ಮನೆಯ ಪ್ಲಾನ್ ಮಾಡೋವಾಗ. ನಮ್ಮಲ್ಲಿ ಮನೆ ಅಂದರೆ ಮೊದಲು ವಾಸ್ತು ನೋಡಿಸ್ತಾರೆ, ಆಮೇಲೆ ಮೇಸ್ತ್ರಿ ಹತ್ತಿರ ಚದರಡಿ ರೇಟು ಮಾತಾಡ್ತಾರೆ, ಒಳ್ಳೆ ದಿನ ನೋಡಿ ಗುದ್ದಲಿ ಪೂಜೆ ಮಾಡ್ತಾರೆ. ಲೈಸೆನ್ಸ್ ನೆನಪಾಗೋದು ಬ್ಯಾಂಕಿನವರು ಕೇಳಿದಾಗ. ಆಗ ಸಾಲಕ್ಕೆ ಅಂತ ಒಂದು ನಕ್ಷೆ ಪಾಸ್ ಆಗುತ್ತೆ, ಕಟ್ಟೋದು ಇನ್ನೊಂದು.

ಕಟ್ಟೋವಾಗ ನಡೆಯೋ ಮಾತು ಸಾಮಾನ್ಯವಾಗಿ ಹೀಗಿರುತ್ತೆ: ‘ಅಣ್ಣ, ಇಲ್ಲಿ ಮೂರಡಿ ಸುಮ್ನೆ ಬಿಟ್ಟು ಏನ್ ಮಾಡ್ತೀರಿ? ಗೋಡೆ ಆ ಕಡೆ ಎಳೆದ್ರೆ ದೇವರ ಮನೆ ಆಗುತ್ತೆ.’ ‘ಪಕ್ಕದವರು ಬಿಟ್ಟಿದಾರಾ?’ ‘ಯಾರೂ ಬಿಟ್ಟಿಲ್ಲ ಬಿಡಿ.’ ಅಲ್ಲಿಗೆ ಮುಗೀತು. ಆ ಮೂರಡಿ ನಕ್ಷೆಯಲ್ಲಿ ತೋರಿಸಿದ್ದ ಖಾಲಿ ಜಾಗ. ಅದು ಹೋದ ಮೇಲೆ ನಕ್ಷೆಗೂ ಮನೆಗೂ ತಾಳೆ ಆಗಲ್ಲ, ತಾಳೆ ಆಗದೆ ಒಸಿ ಸಿಗಲ್ಲ. ಮೂಲೆಗೆ ಕೂತ ದೇವರ ಮನೆಯನ್ನು ಪ್ಲಾಸ್ಟರ್ ಆದ ಮೇಲೆ ಒಡೆಯೋದಕ್ಕೆ ಯಾರಿಗೆ ಮನಸ್ಸು ಬರುತ್ತೆ?

ಇನ್ನೊಂದು ಗುಂಪಿನ ಕಷ್ಟ ಇನ್ನೂ ದೊಡ್ಡದು. ಅವರದು ರೆವಿನ್ಯೂ ಸೈಟು. ಹೊಲವನ್ನು ಭೂ ಪರಿವರ್ತನೆ ಮಾಡಿಸದೆ, ದೂಡಾ ಅನುಮೋದನೆ ಇಲ್ಲದೆ ತುಂಡು ಮಾಡಿ ಮಾರಿದ್ದು. ನಗರ ವ್ಯಾಪ್ತಿಯಲ್ಲಿ ಇಂಥವಕ್ಕೆ ಬಿ ಖಾತಾ ಕೊಡೋ ಅಭಿಯಾನ 2025ರ ಫೆಬ್ರುವರಿಯಲ್ಲಿ ಶುರುವಾಯಿತು. ಬಿ ಖಾತಾ ಕೈಗೆ ಬಂದ ತಕ್ಷಣ ಎಲ್ಲಾ ಸರಿ ಹೋಯಿತು ಅಂತ ಜನ ಅಂದುಕೊಂಡರು. ಆದರೆ ತೆರಿಗೆ ಕಟ್ಟೋಕೆ ಖಾತೆ ಆಯಿತು ಅಂದ ಮಾತ್ರಕ್ಕೆ ಲೇಔಟ್ ಸಕ್ರಮ ಆಗಲ್ಲ. ಪಂಚಾಯ್ತಿ ವ್ಯಾಪ್ತಿಯಲ್ಲೂ ಅಷ್ಟೇ. ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಇರೋದು ಬೇರೆ, ಬರೀ 11ಬಿ ಇರೋದು ಬೇರೆ. ಸೈಟು ಮಾರೋರು ಈ ಒಂದು ಅಕ್ಷರದ ವ್ಯತ್ಯಾಸ ಬಿಡಿಸಿ ಹೇಳೋದು ಕಡಿಮೆ.

ಲೆಕ್ಕ ಏನು ಹೇಳುತ್ತೆ?

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿಯಿತು. ಮನೆ ಕಟ್ಟೋರಿಗೆ ದೊಡ್ಡ ಲಾಭ ಅಂತ ಮಾತಾಯಿತು. ಲೆಕ್ಕ ಹಾಕಿ ನೋಡಬಹುದು. ತೆರಿಗೆ ಬಿಟ್ಟು ಚೀಲಕ್ಕೆ 300 ರೂಪಾಯಿ ಅಂತ ಇಟ್ಟುಕೊಂಡರೆ ಉಳಿಯೋದು 30 ರೂಪಾಯಿ. ಸಾವಿರ ಚದರಡಿ ಮನೆಗೆ ಅಂದಾಜು 400 ಚೀಲ ಬೇಕು ಅಂದರೆ ಒಟ್ಟು ಉಳಿತಾಯ 12 ಸಾವಿರ.

ಈಗ ತಡ ಆದರೆ ಏನಾಗುತ್ತೆ ನೋಡಿ. ಬ್ಯಾಂಕಿನಿಂದ 15 ಲಕ್ಷ ಬಿಡುಗಡೆ ಆಗಿದೆ, ಬಡ್ಡಿ ಶೇ 8.5 ಅಂದುಕೊಳ್ಳಿ. ತಿಂಗಳಿಗೆ ಬಡ್ಡಿಯೇ 10,625 ರೂಪಾಯಿ. ಇರೋ ಬಾಡಿಗೆ ಮನೆಗೆ 8 ಸಾವಿರ. ಎರಡೂ ಸೇರಿ 18,625. ಕಾಗದಕ್ಕಾಗಿ ಆರು ತಿಂಗಳು ಕಾದರೆ 1,11,750 ರೂಪಾಯಿ ಹೋಯಿತು. ಚೀಲಕ್ಕೆ ಹತ್ತು ರೂಪಾಯಿ ಕಡಿಮೆ ಮಾಡಿಸೋಕೆ ಮೂರು ಅಂಗಡಿ ತಿರುಗೋ ಮನೆಯವರು ಈ ಲಕ್ಷ ರೂಪಾಯಿಯನ್ನು ಬಜೆಟ್ಟಿನಲ್ಲಿ ಬರೆದಿರೋದೇ ಇಲ್ಲ.

ಹಾಗಾದರೆ ಕ್ರಮ ಯಾವುದು?

ಮಾಘದಲ್ಲಿ ಪಾಯ ತೆಗೆದು ಮುಂಗಾರಿಗೆ ಮುಂಚೆ ಆರ್‌ಸಿಸಿ ಹಾಕಿ, ಆಷಾಢ ಕಳೆದು ಶ್ರಾವಣದಲ್ಲಿ ಒಕ್ಕಲಾಗೋದು ನಮ್ಮ ಕಡೆಯವರ ಆಸೆ. ಹಾಗಾಗಬೇಕು ಅಂದರೆ ಕಾಗದದ ಕೆಲಸ ದಸರಾ, ದೀಪಾವಳಿ ಹೊತ್ತಿಗೇ ಶುರುವಾಗಬೇಕು. ಮೊದಲು ಲೇಔಟ್ ಅನುಮೋದನೆ ಮತ್ತು ಖಾತೆ ಯಾವುದು ಅಂತ ನೋಡೋದು. ಆಮೇಲೆ ನಿಜವಾಗಿ ಎಂಥ ಮನೆ ಬೇಕು ಅಂತ ಮನೆಯವರೆಲ್ಲ ಕೂತು ತೀರ್ಮಾನ ಮಾಡೋದು. ದೇವರ ಮನೆ, ಮೆಟ್ಟಿಲು, ಮುಂದೆ ಮಗನಿಗೆ ಬೇಕಾಗೋ ಮೇಲಿನ ಮನೆ, ಎಲ್ಲವೂ ನಕ್ಷೆಯೊಳಗೇ ಇರಲಿ. ನೋಂದಾಯಿತ ಇಂಜಿನಿಯರ್ ಮೂಲಕ ಅದೇ ನಕ್ಷೆ ಪಾಸ್ ಮಾಡಿಸಿ, ಆಮೇಲೆ ಮೇಸ್ತ್ರಿಗೆ ಅಡ್ವಾನ್ಸ್ ಕೊಡೋದು.

ಮೇಸ್ತ್ರಿ ಜೊತೆಗಿನ ಕರಾರು ಬಾಯಿಮಾತಿನದು ಆಗಬಾರದು. ಪಾಯ, ಪ್ಲಿಂತ್, ಲಿಂಟಲ್, ಆರ್‌ಸಿಸಿ, ಪ್ಲಾಸ್ಟರ್ ಹೀಗೆ ಹಂತ ಹಂತವಾಗಿ ದುಡ್ಡು, ಪ್ರತಿ ಹಂತದಲ್ಲೂ ನಕ್ಷೆಗೆ ಟೇಪ್ ಹಿಡಿದು ಅಳತೆ. ಪಾಯದಲ್ಲಿ ಒಂದಡಿ ತಪ್ಪಿದರೆ ಒಂದು ದಿನದ ಕೆಲಸದಲ್ಲಿ ಸರಿಪಡಿಸಬಹುದು. ಸ್ಲ್ಯಾಬ್ ಬಿದ್ದ ಮೇಲೆ ಆಗಲ್ಲ.

ಎಲ್ಲಾ ಹೊರೆ ಮನೆ ಕಟ್ಟೋರ ಮೇಲೇ ಹಾಕಿದರೂ ನ್ಯಾಯ ಅಲ್ಲ. ಕಟ್ಟೋವಾಗ ಬಂದು ನೋಡಿ ಅಂತ ಕೋರ್ಟು ಹೇಳಿದ್ದು ಅಧಿಕಾರಿಗಳಿಗೆ. ಆ ತಪಾಸಣೆ ಪ್ಲಿಂತ್ ಹಂತದಲ್ಲೇ ಆದರೆ ಗೋಡೆ ಎಳೆಯೋ ಮಾತೇ ಬರಲ್ಲ. ಲೈಸೆನ್ಸ್ ಕೊಡೋ ದಿನವೇ ‘ಒಸಿಗೆ ಇಷ್ಟು ಕಾಗದ ಬೇಕು, ಇಷ್ಟು ತಪ್ಪಿದರೆ ಸಿಗಲ್ಲ’ ಅಂತ ಕನ್ನಡದಲ್ಲಿ ಒಂದು ಹಾಳೆ ಕೊಟ್ಟರೆ ಪಾಲಿಕೆಗೂ, ಪುರಸಭೆಗೂ ಖರ್ಚು ಏನೂ ಇಲ್ಲ. ಕಟ್ಟೋವಾಗ ಕಣ್ಣು ಮುಚ್ಚಿಕೊಂಡು ಕರೆಂಟ್ ಕೇಳಿದಾಗ ಕಣ್ಣು ಬಿಡೋದರಿಂದ ಲಾಭ ಆಗೋದು ‘ನಾನು ಮಾಡಿಸಿ ಕೊಡ್ತೀನಿ’ ಅನ್ನೋ ಏಜೆಂಟರಿಗೆ ಮಾತ್ರ.

ಈಗಾಗಲೇ ಕಟ್ಟಿ ಕೂತವರಿಗೆ ಸರ್ಕಾರ ಏನು ದಾರಿ ಮಾಡುತ್ತೆ ಅನ್ನೋದು ಮುಂದಿನ ಮಾತು. ಈ ಸಲ ದೀಪಾವಳಿಗೆ ಗುದ್ದಲಿ ಪೂಜೆ ಯೋಚನೆ ಮಾಡ್ತಿರೋರ ಕೈಯಲ್ಲಿ ಮಾತ್ರ ಇನ್ನೂ ಸಮಯ ಇದೆ. ಪಂಚಾಂಗ ತೆಗೆಯೋಕೆ ಮುಂಚೆ ಒಮ್ಮೆ ಖಾತೆ ತೆಗೆದು ನೋಡಲಿ.