ಲೆಕ್ಕ ಬರೆದಿಡದ ಸರ್ವರ್ ಬೇಕು: ವಿಪಿಎನ್ ಬಳಕೆದಾರರ ಹಕ್ಕೊತ್ತಾಯ ಪತ್ರ

ಇವರಿಗೆ: ಕೇಂದ್ರ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ, ಕೇಂದ್ರ ಗೃಹ ಸಚಿವಾಲಯ, ಸರ್ಟ್-ಇನ್ (ಕೇಂದ್ರದ ಕಂಪ್ಯೂಟರ್ ತುರ್ತು ಸ್ಪಂದನಾ ತಂಡ), ಜಮ್ಮು ಮತ್ತು ಕಾಶ್ಮೀರದ ಆಡಳಿತ, ಕರ್ನಾಟಕ ಸರ್ಕಾರ, ಹಾಗೂ ಭಾರತದಲ್ಲಿ ವಿಪಿಎನ್ ಮಾರುವ ಎಲ್ಲ ಕಂಪನಿಗಳು.



ಬೆಂಗಳೂರಿನ ಎಷ್ಟೋ ಐಟಿ ನೌಕರರ ದಿನ ಶುರುವಾಗುವುದೇ ವಿಪಿಎನ್‌ಗೆ ಲಾಗಿನ್ ಆಗುವುದರಿಂದ. 2020ರ ಮಾರ್ಚ್‌ನಲ್ಲಿ ಕೊರೊನಾದಿಂದಾಗಿ ಕಚೇರಿಗಳು ಮುಚ್ಚಿದಾಗ ಮನೆಯಲ್ಲಿ ಕೂತು ಕಂಪನಿಯ ಕೆಲಸ ಮಾಡಲು ಆಗಿದ್ದು ಅದರಿಂದಲೇ. ಆಗ ಯಾರೂ ಅದನ್ನು ಸಂಶಯದಿಂದ ನೋಡಲಿಲ್ಲ. ಅದೇ ತಂತ್ರಾಂಶವನ್ನು ಪತ್ರಕರ್ತೆಯೊಬ್ಬಳೋ, ವಿದ್ಯಾರ್ಥಿಯೋ, ರೈಲು ನಿಲ್ದಾಣದ ಉಚಿತ ವೈಫೈನಲ್ಲಿ ಬ್ಯಾಂಕ್ ಖಾತೆ ನೋಡುವ ವ್ಯಾಪಾರಿಯೋ ಸ್ವಂತಕ್ಕೆ ಹಾಕಿಕೊಂಡರೆ ಮಾತ್ರ ಸರ್ಕಾರದ ಹುಬ್ಬು ಗಂಟಿಕ್ಕುತ್ತದೆ.

ಅದು ಮಾಡುವ ಕೆಲಸವಾದರೂ ಏನು? ನಮ್ಮ ಫೋನಿನಿಂದ ಹೊರಟ ಮಾಹಿತಿಯನ್ನು ಗೂಢಲಿಪಿಗೆ ತಿರುಗಿಸಿ ಬೇರೆಲ್ಲೋ ಇರುವ ಸರ್ವರ್‌ಗೆ ಒಯ್ಯುತ್ತದೆ; ಅಲ್ಲಿಂದ ಅದು ಸೇರಬೇಕಾದ ತಾಣಕ್ಕೆ ಹೋಗುತ್ತದೆ. ನೆಟ್ ಕೊಡುವ ಕಂಪನಿಗೆ ಕಾಣುವುದು ನಾವು ಆ ಸರ್ವರ್ ಜೊತೆ ಮಾತಾಡುತ್ತಿದ್ದೇವೆ ಎಂಬುದಷ್ಟೆ. ತಾಣಕ್ಕೆ ಕಾಣುವುದು ಸರ್ವರ್‌ನ ಐಪಿ ವಿಳಾಸ, ನಮ್ಮದಲ್ಲ. ಇಲ್ಲೊಂದು ಮಾತನ್ನು ಮುಚ್ಚಿಡಬಾರದು: ಈ ವ್ಯವಸ್ಥೆಯಲ್ಲಿ ನಮ್ಮ ನಂಬಿಕೆ ಎಲ್ಲೂ ಮಾಯವಾಗುವುದಿಲ್ಲ, ನೆಟ್ ಕಂಪನಿಯಿಂದ ವಿಪಿಎನ್ ಕಂಪನಿಗೆ ವರ್ಗವಾಗುತ್ತದೆ ಅಷ್ಟೆ. ಆದ್ದರಿಂದಲೇ ವಿಪಿಎನ್ ಕಂಪನಿ ಏನನ್ನು ಬರೆದಿಡುತ್ತದೆ ಎಂಬುದು ಪಕ್ಕದ ಪ್ರಶ್ನೆಯಲ್ಲ, ಇಡೀ ವಿಷಯವೇ ಅದು. ಕೆಳಗಿನ ಬೇಡಿಕೆಗಳೆಲ್ಲ ಅಲ್ಲಿಂದ ಹೊರಟಿವೆ.

1. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದಲ್ಲಿ ವಿಪಿಎನ್‌ಗೆ ಸಂಬಂಧಿಸಿದ ಭಾಗವನ್ನು ಹಿಂಪಡೆಯಬೇಕು.

ಆ ನಿರ್ದೇಶನದ ಪ್ರಕಾರ ವಿಪಿಎನ್ ಕೊಡುವವರು ಗ್ರಾಹಕರ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಪರಿಶೀಲಿಸಿ ದಾಖಲಿಸಬೇಕು. ಯಾವ ದಿನದಿಂದ ಯಾವ ದಿನದವರೆಗೆ ಸೇವೆ ಪಡೆದರು, ಯಾವ ಐಪಿ ಹಂಚಲಾಯಿತು, ನೋಂದಣಿಯ ಹೊತ್ತಿನ ಇಮೇಲ್ ಮತ್ತು ಐಪಿ ಯಾವುದು ಎಂಬುದನ್ನೂ ಬರೆದುಕೊಳ್ಳಬೇಕು. ಗ್ರಾಹಕ ಸೇವೆ ಬಿಟ್ಟ ಮೇಲೂ ಐದು ವರ್ಷ ಇದೆಲ್ಲ ಕಡತದಲ್ಲಿರಬೇಕು. ಪಾಲಿಸದಿದ್ದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಸೆಕ್ಷನ್ ಪ್ರಕಾರ ಒಂದು ವರ್ಷದವರೆಗೆ ಜೈಲು. ಪಟ್ಟಿಯಲ್ಲಿ ಇನ್ನೊಂದು ಕಲಂ ಇದೆ, ಓದಿದರೆ ನಗು ಬರುತ್ತದೆ: ಸೇವೆ ಪಡೆಯುತ್ತಿರುವ ಉದ್ದೇಶ. ಬೀಗ ಮಾರುವವನು ಗಿರಾಕಿಯನ್ನು ‘ಏನು ಬಚ್ಚಿಡುತ್ತೀರಿ?’ ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡ ಹಾಗೆ.

ಯಾವ ತಾಣ ನೋಡಿದಿರಿ ಎಂಬುದನ್ನು ಬರೆದಿಡಿ ಎಂದು ನಿರ್ದೇಶನ ಹೇಳುವುದಿಲ್ಲ ಎಂಬ ಸಮರ್ಥನೆಯನ್ನು ನಾವು ಕೇಳಿದ್ದೇವೆ. ಅದು ನಿಜವೂ ಹೌದು. ಆದರೆ ಯಾರ ಕೈಯಲ್ಲಿ ಯಾವ ಐಪಿ ಇತ್ತು ಎಂಬುದು ಗೊತ್ತಾದರೆ, ಉಳಿದದ್ದನ್ನು ತಾಣಗಳ ದಾಖಲೆಯೇ ಹೇಳುತ್ತದೆ.

ಪರಿಣಾಮ ಏನಾಯಿತು ಎಂಬುದು ಎಲ್ಲರ ಕಣ್ಣೆದುರಿಗಿದೆ. 2022ರ ಜೂನ್‌ನಲ್ಲಿ ಎಕ್ಸ್‌ಪ್ರೆಸ್‌ವಿಪಿಎನ್ ಭಾರತದಿಂದ ಸರ್ವರ್ ಕಿತ್ತುಕೊಂಡು ಹೋಯಿತು. ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಅದರ ಹಿಂದೆಯೇ ಹೊರಟವು. ಗಡುವು ಸೆಪ್ಟೆಂಬರ್ 25ಕ್ಕೆ ಮುಂದೆ ಹೋದರೂ ಪ್ರೋಟಾನ್ ಕೂಡ ಉಳಿಯಲಿಲ್ಲ. ಹಲವು ಕಂಪನಿಗಳು ಈಗ ಸಿಂಗಪುರದಂಥ ಕಡೆ ಯಂತ್ರ ಇಟ್ಟುಕೊಂಡು ‘ಭಾರತದ ಐಪಿ’ ಕೊಡುತ್ತಿವೆ. ಅಂದರೆ ಮೈಸೂರಿನಲ್ಲಿ ಕೂತವರ ಮಾಹಿತಿ ಸಮುದ್ರ ದಾಟಿ ಹೋಗಿ ವಾಪಸು ಬರುತ್ತದೆ. ವೇಗ ಹೋಯಿತು, ಡೇಟಾ ಸೆಂಟರ್‌ಗಳಿಗೆ ಬಾಡಿಗೆ ಹೋಯಿತು, ಪೊಲೀಸರಿಗೆ ಈ ನೆಲದ ಮೇಲೆ ಇದ್ದ ಅಧಿಕಾರವೂ ಹೋಯಿತು. ನಿಯಮ ಒಪ್ಪದವರು ದೇಶ ಬಿಡಬಹುದು ಎಂದು ಅಂದಿನ ಸಚಿವರು ಹೇಳಿದ್ದರು. ಅವರು ಬಿಟ್ಟರು. ಇದರಿಂದ ಯಾವ ಅಪರಾಧ ಕಡಿಮೆಯಾಯಿತು ಎಂಬುದನ್ನು ಸರ್ಟ್-ಇನ್ ಜನರಿಗೆ ಲಿಖಿತವಾಗಿ ತಿಳಿಸಬೇಕು.

ವಿದೇಶಕ್ಕೆ ಓಡಿಹೋಗಲಾಗದ ಸಣ್ಣ ಹೋಸ್ಟಿಂಗ್ ಸಂಸ್ಥೆಗಳ ಗತಿ ಬೇರೆ. ಅವಕ್ಕೆ ಗ್ರಾಹಕರ ಕಡತ ಕಾಯುವುದೇ ದಂಧೆಗಿಂತ ದೊಡ್ಡ ಖರ್ಚು. ಅಂಥ ಒಂದು ಸಂಸ್ಥೆ 2022ರಲ್ಲೇ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು.

ಕಡತ ಸುರಕ್ಷಿತವಾಗಿರುತ್ತದೆ ಎಂದು ದಯವಿಟ್ಟು ಹೇಳಬೇಡಿ. ಕೋವಿಡ್ ಲಸಿಕೆ ಹಾಕಿಸಿಕೊಂಡವರ ವಿವರಗಳನ್ನು 2023ರ ಜೂನ್‌ನಲ್ಲಿ ಟೆಲಿಗ್ರಾಂನ ಬಾಟ್ ಒಂದು ಫೋನ್ ನಂಬರ್ ಹೊಡೆದವರಿಗೆಲ್ಲ ಕೊಡುತ್ತಿತ್ತು. ಲಸಿಕೆ ನೋಂದಣಿಯ ಕೋವಿನ್ ತಾಣದ ದತ್ತಾಂಶಕ್ಕೆ ನೇರವಾಗಿ ಕನ್ನ ಬಿದ್ದಿಲ್ಲ ಎಂದು ಸರ್ಕಾರ ಹೇಳಿತು. ವಿವರ ಎಲ್ಲಿಂದ ಸೋರಿದರೂ ನಂಬರ್ ನಮ್ಮದೇ ಆಗಿತ್ತು.

2. ಖಾಸಗಿತನಕ್ಕೆ ಕೈ ಹಾಕುವುದಿದ್ದರೆ ಸಂಸತ್ತಿನ ಮುಂದೆ ಬನ್ನಿ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ಆ ಮೊಕದ್ದಮೆಗೆ ಹೆಸರು ಕೊಟ್ಟವರು ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತು ದಾಟಿತ್ತು. ಆ ತೀರ್ಪಿನ ಪ್ರಕಾರ ಖಾಸಗಿತನವನ್ನು ಮೊಟಕು ಮಾಡಲು ಕಾನೂನು ಇರಬೇಕು, ನ್ಯಾಯವಾದ ಗುರಿ ಇರಬೇಕು, ಗುರಿಗೆ ತಕ್ಕಷ್ಟೇ ಕ್ರಮ ಇರಬೇಕು. ಯಾವ ತಪ್ಪಿನ ಆರೋಪವೂ ಇಲ್ಲದ ಪ್ರತಿಯೊಬ್ಬ ಗ್ರಾಹಕನ ವಿವರವನ್ನು ಐದು ವರ್ಷ ಕೂಡಿಡುವುದು ಯಾವ ತಕ್ಕಡಿಯಲ್ಲಿ ತೂಗಿದರೆ ಸರಿ ಬರುತ್ತದೆ? ಅದೂ ಸಂಸತ್ತಿನಲ್ಲಿ ಚರ್ಚೆಯಾಗದ, ಅಧಿಕಾರಿಗಳ ಸಹಿಯ ಒಂದು ನಿರ್ದೇಶನದಿಂದ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬೇಕಾದಷ್ಟೇ ಮಾಹಿತಿ ಪಡೆಯಿರಿ ಎನ್ನುತ್ತದೆ. ಸರ್ಟ್-ಇನ್ ಸಿಕ್ಕಿದ್ದೆಲ್ಲ ಇಟ್ಟುಕೊಳ್ಳಿ ಎನ್ನುತ್ತದೆ. ಎರಡೂ ಒಂದೇ ಸಚಿವಾಲಯದ ಮಕ್ಕಳು. ಮೊದಲು ಮನೆಯೊಳಗೆ ಮಾತಾಡಿಕೊಳ್ಳಲಿ.

3. ವಿಪಿಎನ್ ಬಳಸುವುದು ಅಪರಾಧವಲ್ಲ ಎಂದು ಗೃಹ ಸಚಿವಾಲಯ ಎಲ್ಲ ಜಿಲ್ಲೆಗಳಿಗೂ ಸುತ್ತೋಲೆ ಕಳಿಸಬೇಕು.

ಈ ದೇಶದಲ್ಲಿ ವಿಪಿಎನ್ ಬಳಕೆಯನ್ನೇ ನಿಷೇಧಿಸುವ ಕಾಯ್ದೆ ಇಲ್ಲ. 2021ರಲ್ಲಿ ಗೃಹ ವ್ಯವಹಾರಗಳ ಸಂಸದೀಯ ಸ್ಥಾಯಿ ಸಮಿತಿ ಶಾಶ್ವತ ತಡೆ ಬೇಕೆಂದು ಶಿಫಾರಸು ಮಾಡಿತ್ತು. ಅದು ಶಿಫಾರಸಾಗಿಯೇ ಉಳಿದಿದೆ. ಆದರೆ ಕಾಶ್ಮೀರದಲ್ಲಿ ಕಾಯ್ದೆ ಇಲ್ಲದೆಯೇ ನಿಷೇಧ ನಡೆದುಹೋಗಿದೆ. 2019ರ ಆಗಸ್ಟ್‌ನಲ್ಲಿ ಅಲ್ಲಿ ನೆಟ್ ಕಡಿತವಾಯಿತು. 2020ರ ಜನವರಿಯಲ್ಲಿ ವಾಪಸು ಬಂದದ್ದು 2ಜಿ ವೇಗದಲ್ಲಿ, ಸರ್ಕಾರ ಒಪ್ಪಿದ ತಾಣಗಳ ಪಟ್ಟಿಯೊಂದಿಗೆ. ಪಟ್ಟಿಯಾಚೆಗಿನ ಸುದ್ದಿ, ಬಂಧುಗಳ ಸಂದೇಶ, ವ್ಯಾಪಾರದ ಮಾತು ಎಲ್ಲಕ್ಕೂ ಜನ ವಿಪಿಎನ್ ಹಿಡಿದರು. ಫೆಬ್ರುವರಿಯಲ್ಲಿ ಪೊಲೀಸರು ವಿಪಿಎನ್ ಮೂಲಕ ಸಾಮಾಜಿಕ ಜಾಲತಾಣ ಬಳಸಿದವರ ಮೇಲೆ ಎಫ್‌ಐಆರ್ ಹಾಕಿದರು, ಭಯೋತ್ಪಾದನೆ ತಡೆಯ ಯುಎಪಿಎ ಕಾಯ್ದೆಯನ್ನೂ ಸೇರಿಸಿ. 4ಜಿ ಮರಳಿದ್ದು 2021ರ ಫೆಬ್ರುವರಿಯಲ್ಲಿ.

ಅದು ಅಲ್ಲಿಗೆ ಮುಗಿದ ಕಥೆಯೂ ಅಲ್ಲ. ಕಾಶ್ಮೀರದ ಪಹಲ್ಗಾಮ್‌ನ ಭಯೋತ್ಪಾದಕ ದಾಳಿಯ ನಂತರ, 2025ರ ಮೇ ತಿಂಗಳಲ್ಲಿ ದೋಡಾ ಜಿಲ್ಲಾಧಿಕಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಹಿಡಿದು ವಿಪಿಎನ್ ನಿಷೇಧಿಸಿದರು. ಗುಂಪು ಸೇರುವುದನ್ನು ತಡೆಯಲು ಬಳಸುವ ಹಳೆಯ 144ನೇ ಸೆಕ್ಷನ್ನಿನ ಹೊಸ ರೂಪ ಅದು. ಜೇಬಿನೊಳಗಿನ ಫೋನಿನಲ್ಲಿ ಎಂಥ ಗುಂಪು ಸೇರುತ್ತದೋ ನಮಗೆ ತಿಳಿಯದು. ಇಂಥ ಆದೇಶ ಜಾರಿಯಾಗಬೇಕಾದರೆ ರಸ್ತೆಯಲ್ಲಿ ಪೊಲೀಸರು ಫೋನ್ ಕಸಿದು ನೋಡಲೇಬೇಕು. ವಿಪಿಎನ್ ಹುಡುಕಲು ಹೋದವರಿಗೆ ಫೋಟೊ, ಮೆಸೇಜು, ಮದುವೆ ಮಾತುಕತೆ ಎಲ್ಲವೂ ಸಿಗುತ್ತದೆ.

ಕಾಶ್ಮೀರದ ನೆಟ್ ಕಡಿತವನ್ನು ಪ್ರಶ್ನಿಸಿದ ಅನುರಾಧಾ ಭಸಿನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟವಾಗಿದೆ: ಆದೇಶಗಳನ್ನು ಪ್ರಕಟಿಸಬೇಕು, 144ರ ಆದೇಶಗಳನ್ನು ಮತ್ತೆ ಮತ್ತೆ ಹೊರಡಿಸುವುದು ಅಧಿಕಾರದ ದುರುಪಯೋಗ. ಆದ್ದರಿಂದ ನಮ್ಮ ಬೇಡಿಕೆ: ವಿಪಿಎನ್ ನಿಷೇಧದ ಈವರೆಗಿನ ಎಲ್ಲ ಜಿಲ್ಲಾ ಆದೇಶಗಳನ್ನು ಕಾರಣಗಳ ಸಮೇತ ಒಂದೇ ಕಡೆ ಪ್ರಕಟಿಸಬೇಕು. ಆ್ಯಪ್ ಇಟ್ಟುಕೊಂಡದ್ದೇ ತಪ್ಪೆಂದು ಹಾಕಿದ ಮೊಕದ್ದಮೆಗಳನ್ನು ಕೈಬಿಡಬೇಕು. ವಾರಂಟ್ ಇಲ್ಲದೆ ಫೋನ್ ತೆರೆಸುವುದನ್ನು ನಿಲ್ಲಿಸಬೇಕು.

4. ಆ್ಯಪ್ ತೆಗೆಸಿದರೆ ಕಾರಣ ಹೇಳಿ.

2025ರ ಆರಂಭದಲ್ಲಿ ಹಲವು ವಿಪಿಎನ್ ಆ್ಯಪ್‌ಗಳು ಭಾರತದ ಆ್ಯಪ್ ಸ್ಟೋರ್‌ಗಳಿಂದ ಕಾಣೆಯಾದವು, ಕ್ಲೌಡ್‌ಫ್ಲೇರ್‌ನ 1.1.1.1 ಅವುಗಳಲ್ಲೊಂದು. ಬಳಕೆದಾರರಿಗೆ ಒಂದು ಸಾಲಿನ ಕಾರಣವೂ ಸಿಗಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನ್‌ನ 2009ರ ತಡೆ ನಿಯಮಗಳಲ್ಲಿ 16ನೆಯದು ಎಲ್ಲವನ್ನೂ ಗೋಪ್ಯವಾಗಿಡಿ ಎನ್ನುತ್ತದೆ. 2023ರ ನವೆಂಬರ್‌ನಲ್ಲಿ ಸರ್ಟ್-ಇನ್ ಅನ್ನು ಮಾಹಿತಿ ಹಕ್ಕು ಕಾಯ್ದೆಯ ವ್ಯಾಪ್ತಿಯಿಂದಲೇ ಹೊರಗಿಟ್ಟರು. ನಾಗರಿಕನ ಖಾಸಗಿತನ ಐದು ವರ್ಷ ಕಡತದಲ್ಲಿ, ಸರ್ಕಾರದ ಖಾಸಗಿತನ ಮಾತ್ರ ಅಭೇದ್ಯ! 16ನೇ ನಿಯಮ ರದ್ದಾಗಬೇಕು, ಆ ವಿನಾಯಿತಿ ವಾಪಸಾಗಬೇಕು.

5. ತನಿಖೆ ಮಾಡಿ, ಆದರೆ ಒಬ್ಬನನ್ನು ಹುಡುಕಲು ಎಲ್ಲರನ್ನೂ ಬರೆದಿಡಬೇಡಿ.

2023ರ ಡಿಸೆಂಬರ್ 1ರಂದು ಬೆಂಗಳೂರಿನ ಹತ್ತಾರು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇಮೇಲ್ ಬಂದಾಗ ಗೇಟಿನ ಮುಂದೆ ನಿಂತು ನಡುಗಿದ ತಂದೆತಾಯಿಗಳು ನಮ್ಮಲ್ಲೂ ಇದ್ದಾರೆ. ವಿಪಿಎನ್ ಹಿಂದೆ ಅಡಗುವ ದುಷ್ಟರಿಲ್ಲ ಎಂದು ನಾವು ವಾದಿಸುವುದಿಲ್ಲ. ಆದರೆ ಅಂಥವರು ತಮ್ಮ ನಿಜ ಹೆಸರು, ಆಧಾರ್ ಕೊಟ್ಟು, ಭಾರತದಲ್ಲಿ ನೋಂದಾಯಿಸಿದ ವಿಪಿಎನ್ ಕೊಳ್ಳುತ್ತಾರೆಯೇ? ಈ ಕಡತದಲ್ಲಿ ತುಂಬುವುದು ಹೇಳಿದ್ದನ್ನು ಪಾಲಿಸುವವರ ಹೆಸರುಗಳೇ. ಕಳ್ಳರನ್ನು ಹಿಡಿಯುವುದು ಹಣದ ಜಾಡು, ಸಾಧನದ ಗುರುತು, ಅವರು ಎಡವುವ ಒಂದು ಕ್ಷಣ. ಸೈಬರ್ ಠಾಣೆಗಳಿಗೆ ತರಬೇತಿ ಪಡೆದ ಸಿಬ್ಬಂದಿಯನ್ನೂ ಪ್ರಯೋಗಾಲಯಗಳನ್ನೂ ಕೊಡಿ. ನಿರ್ದಿಷ್ಟ ಶಂಕಿತನ ಬಗ್ಗೆ, ನ್ಯಾಯಾಲಯದ ಆದೇಶದ ಮೇಲೆ, ಅಂದಿನಿಂದ ಮುಂದಕ್ಕೆ ಮಾತ್ರ ಮಾಹಿತಿ ಕೇಳುವ ಪದ್ಧತಿ ರೂಪಿಸಿ.

6. ವಿಪಿಎನ್ ಕಂಪನಿಗಳೇ, ನಿಮ್ಮ ಮೇಲೂ ದೂರಿದೆ.

‘ನೂರಕ್ಕೆ ನೂರು ಅನಾಮಿಕ’ ಎಂಬ ಜಾಹೀರಾತು ಸುಳ್ಳು. ಗೂಗಲ್ ಖಾತೆಗೆ ಲಾಗಿನ್ ಆಗಿ ಕೂತವರನ್ನು ಯಾವ ವಿಪಿಎನ್ ಕೂಡ ಗೂಗಲ್‌ನಿಂದ ಮರೆಮಾಡದು. ಕುಕೀಗಳೂ, ಫೋನಿನ ಜಿಪಿಎಸ್ಸೂ ತಮ್ಮ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತವೆ. ಬ್ಯಾಂಕ್ ಹೆಸರಿನಲ್ಲಿ ಬಂದ ಮೋಸದ ಲಿಂಕ್ ಒತ್ತಿದರೆ ಅದು ಕಾಪಾಡುವುದಿಲ್ಲ.

ಇನ್ನು ಉಚಿತ ವಿಪಿಎನ್‌ಗಳು. ಫೇಸ್‌ಬುಕ್ 2013ರಲ್ಲಿ ಕೊಂಡುಕೊಂಡ ಒನಾವೊ, ಬಳಕೆದಾರರನ್ನು ರಕ್ಷಿಸುತ್ತೇನೆ ಎನ್ನುತ್ತಲೇ ಅವರು ಯಾವ ಆ್ಯಪ್ ಎಷ್ಟು ಬಳಸುತ್ತಾರೆ ಎಂಬ ವಿವರವನ್ನು ಮಾಲೀಕರಿಗೆ ಒಪ್ಪಿಸುತ್ತಿತ್ತು. 2018ರಲ್ಲಿ ಆ್ಯಪಲ್‌ನ ಸ್ಟೋರ್‌ನಿಂದ ಅದು ಹೊರಬಿತ್ತು. ಹೋಲಾ ಎಂಬ ಇನ್ನೊಂದು ಸೇವೆ ಬಳಕೆದಾರರ ನೆಟ್ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿದೆ ಎಂಬುದು 2015ರಲ್ಲಿ ಬಯಲಾಯಿತು. ನಿಮ್ಮ ಮನೆಯ ಐಪಿಯಿಂದ ಯಾರೋ ಏನೋ ಮಾಡಿದರೆ ಪೊಲೀಸರು ತಟ್ಟುವುದು ನಿಮ್ಮ ಬಾಗಿಲನ್ನು.

ನಮಗೆ ಬೇಕಾದ ನಡತೆಗೆ ಮಾದರಿಯೂ ಇದೆ. 2023ರ ಏಪ್ರಿಲ್‌ನಲ್ಲಿ ಸ್ವೀಡನ್ ಪೊಲೀಸರು ಶೋಧನಾ ವಾರಂಟ್ ಹಿಡಿದು ಮುಲ್‌ವಾಡ್ ಎಂಬ ವಿಪಿಎನ್ ಕಂಪನಿಯ ಕಚೇರಿಗೆ ಹೋದರು. ಕೇಳಿದ ಗ್ರಾಹಕ ಮಾಹಿತಿ ತಮ್ಮಲ್ಲಿಲ್ಲ ಎಂದು ಕಂಪನಿ ವಿವರಿಸಿತು. ಪೊಲೀಸರು ಬರಿಗೈಯಲ್ಲಿ ಮರಳಿದರು. ಭಾರತದಲ್ಲಿ ಹಣ ಪಡೆಯುವ ಪ್ರತಿ ಕಂಪನಿಯೂ ಸ್ವತಂತ್ರ ತಪಾಸಣೆಯ ವರದಿ ಪ್ರಕಟಿಸಲಿ, ಮಾಲೀಕರು ಯಾರೆಂದು ಹೇಳಲಿ, ಸಂಪರ್ಕ ಕಡಿದಾಗ ನಿಜ ಐಪಿ ಸೋರದಂತೆ ತಡೆಯುವ ಗುಂಡಿಯನ್ನು ಮೊದಲಿನಿಂದಲೇ ಚಾಲೂ ಇಡಲಿ. ಷರತ್ತುಗಳು ಕನ್ನಡದಲ್ಲೂ ಇರಲಿ.

7. ಗಡಿ ನೋಡಿ ಬಾಗಿಲು ಹಾಕುವ ಸರ್ಕಾರಿ ತಾಣಗಳನ್ನು ತೆರೆಯಿರಿ.

ನಮ್ಮ ಸರ್ಕಾರದ ಹಲವು ತಾಣಗಳು ವಿದೇಶದ ಐಪಿ ಕಂಡೊಡನೆ ತೆರೆಯುವುದೇ ಇಲ್ಲ. ಸಿಡ್ನಿಯಲ್ಲೋ ಡಲ್ಲಾಸ್‌ನಲ್ಲೋ ಇರುವ ಮಗ ಊರಿನ ಕೆಲಸಕ್ಕಾಗಿ ಭಾರತದ ಐಪಿ ಕೊಡುವ ವಿಪಿಎನ್ ಹುಡುಕುತ್ತಾನೆ. ಅತ್ತ ಒಂದು ಸಚಿವಾಲಯ ವಿಪಿಎನ್ ಮೇಲೆ ಕಣ್ಣಿಡುತ್ತದೆ, ಇತ್ತ ಇನ್ನೊಂದು ಇಲಾಖೆ ಜನರನ್ನು ಅದರ ಕಡೆಗೇ ದೂಡುತ್ತದೆ. ಕರ್ನಾಟಕ ಸರ್ಕಾರ ತನ್ನ ತಾಣಗಳನ್ನೆಲ್ಲ ಹೊರದೇಶದಿಂದ ಪರೀಕ್ಷಿಸಬೇಕು. ಪಹಣಿ, ಋಣಭಾರ ಪತ್ರ, ಜನನ ಪ್ರಮಾಣಪತ್ರದಂಥ ಸೇವೆಗಳಿಗೆ ಎಲ್ಲಾದರೂ ಅಂಥ ತಡೆ ಇದ್ದರೆ ತೆಗೆಯಬೇಕು.

ಬೇರೆ ದೇಶಕ್ಕಷ್ಟೇ ತೆರೆದಿರುವ ಸಿನಿಮಾ, ಕ್ರಿಕೆಟ್‌ಗಾಗಿ ವಿಪಿಎನ್ ಹಾಕುವುದನ್ನು ಹಕ್ಕು ಎಂದು ಬರೆಯಬೇಕೋ ಬೇಡವೋ ಎಂಬ ಬಗ್ಗೆ ನಮ್ಮೊಳಗೇ ಜಗಳವಾಯಿತು. ಹಂಚಿಕೆ ಹಕ್ಕನ್ನು ದೇಶದೇಶಕ್ಕೆ ಬೇರೆ ಬೇರೆ ಮಾರುತ್ತಾರೆ, ಅದರ ದುಡ್ಡಿನಿಂದಲೇ ಚಿತ್ರ ಆಗುತ್ತದೆ ಎಂಬ ವಾದದಲ್ಲಿ ಹುರುಳಿದೆ. ಹಾಗಾಗಿ ಇಷ್ಟಕ್ಕೇ ನಿಲ್ಲಿಸಿದೆವು: ಅದು ಕಂಪನಿ ಮತ್ತು ಚಂದಾದಾರನ ನಡುವಿನ ಷರತ್ತಿನ ಮಾತು, ಪೊಲೀಸರ ಕೆಲಸವಲ್ಲ.

8. ಕೊಲ್ಲಿಗೆ ಹೋಗುವವರನ್ನು ಮೊದಲೇ ಎಚ್ಚರಿಸಿ.

ಮಂಗಳೂರು, ಉಡುಪಿ, ಭಟ್ಕಳದಿಂದ ದುಬೈಗೆ ಇಳಿದವರಿಗೆ ಮೊದಲ ದಿನವೇ ತಿಳಿಯುವ ಸಂಗತಿ, ವಾಟ್ಸ್‌ಆ್ಯಪ್‌ನಲ್ಲಿ ಸಂದೇಶ ಹೋಗುತ್ತದೆ, ಕರೆ ಹೋಗುವುದಿಲ್ಲ ಎಂಬುದು. ಅಮ್ಮನ ಮುಖ ನೋಡಲು ರೂಮಿನ ಗೆಳೆಯ ವಿಪಿಎನ್ ಹಾಕಿಕೊಡುತ್ತಾನೆ. ಯುಎಇ ಕಾನೂನಿನಲ್ಲಿ ಐಪಿ ಮರೆಮಾಡಿ ಅಪರಾಧ ಎಸಗಿದರೆ, ಅಥವಾ ಅದು ಬಯಲಾಗದಂತೆ ತಡೆದರೆ, ಜೈಲಿನ ಜೊತೆಗೆ 5 ಲಕ್ಷದಿಂದ 20 ಲಕ್ಷ ದಿರ್ಹಂವರೆಗೆ ದಂಡವಿದೆ. ಕಂಪನಿ, ಬ್ಯಾಂಕುಗಳಿಗೆ ವಿಪಿಎನ್ ಬಳಸಲು ಅಡ್ಡಿಯಿಲ್ಲ ಎಂದು ಅಲ್ಲಿನ ದೂರಸಂಪರ್ಕ ಪ್ರಾಧಿಕಾರ 2016ರಲ್ಲೇ ಹೇಳಿದೆ. ಕೂಲಿಗೆ ಹೋದವನಿಗೆ ಈ ಸೂಕ್ಷ್ಮ ಯಾರು ತಿಳಿಸಬೇಕು? ಪ್ರಯಾಣಪೂರ್ವ ಮಾಹಿತಿಯಲ್ಲಿ ಇದು ಕನ್ನಡ, ತುಳು, ಬ್ಯಾರಿ ಮಾತಾಡುವವರಿಗೆ ಅರ್ಥವಾಗುವ ಹಾಗೆ ಇರಬೇಕು. ಅನುಮತಿ ಇರುವ ಕರೆ ಆ್ಯಪ್‌ಗಳ ಪಟ್ಟಿಯೂ ಜೊತೆಗಿರಲಿ.

9. ಬ್ಯಾಂಕುಗಳು ವಿಪಿಎನ್ ಕಂಡಾಗ ವ್ಯವಹಾರ ತಡೆಯುವುದಾದರೆ ಹಾಗೆಂದು ಪರದೆಯ ಮೇಲೆ ನೇರವಾಗಿ ಹೇಳಲಿ. ‘ಏನೋ ತೊಂದರೆಯಾಗಿದೆ, ನಂತರ ಪ್ರಯತ್ನಿಸಿ’ ಎಂಬುದು ಉತ್ತರವಲ್ಲ.

ಮೊದಲ ಮತ್ತು ಮೂರನೆಯ ಬೇಡಿಕೆಗಳಿಗೆ ಮೂರು ತಿಂಗಳೊಳಗೆ ಲಿಖಿತ ಉತ್ತರ ಬೇಕು. ಎರಡಕ್ಕೂ ಹೊಸ ಕಾಯ್ದೆ ಬೇಡ, ಹೊಸ ಅನುದಾನ ಬೇಡ. ಮೊದಲನೆಯದಕ್ಕೆ ನಿರ್ದೇಶನ ಹೊರಡಿಸಿದ ಕಚೇರಿಯೇ ಅದನ್ನು ಹಿಂಪಡೆದರೆ ಸಾಕು, ಮೂರನೆಯದನ್ನು ಒಂದು ಸುತ್ತೋಲೆಯಿಂದ ಶುರು ಮಾಡಬಹುದು. ಉಳಿದವುಗಳ ಬಗ್ಗೆ ಬಳಕೆದಾರರು, ಸಣ್ಣ ಹೋಸ್ಟಿಂಗ್ ಸಂಸ್ಥೆಗಳು ಮತ್ತು ಕಾಶ್ಮೀರದ ಪತ್ರಕರ್ತರನ್ನು ಕೂರಿಸಿಕೊಂಡು ಬಹಿರಂಗ ಸಮಾಲೋಚನೆ ನಡೆಸಿ, ಅದರ ನಡಾವಳಿಯನ್ನು ಪ್ರಕಟಿಸಬೇಕು.