ಬಿಡಿಭಾಗದ ಹೊಣೆ

ನಿಟ್ಟೂರು, ಹುಂಚದಂತಹ ಮಲೆನಾಡಿನ ಊರುಗಳಿಂದ ಇಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋಗುವ ಮಕ್ಕಳ ಮುಂದೆ ಇಂದು ಹೊಸದೊಂದು ಉದ್ಯೋಗವಿದೆ: ಸಣ್ಣ ಉಪಗ್ರಹಗಳಿಗೆ ಬಿಡಿಭಾಗಗಳನ್ನು ತಯಾರಿಸುವುದು. ಇದು ಶ್ರಾವಕನಿಗೆ ಸರ್ವಥಾ ನಿರ್ದೋಷವಾದ ವೃತ್ತಿ, ತಯಾರಿಸಿದವನ ಹೊಣೆ ಮಾರಾಟದೊಂದಿಗೇ ಮುಗಿಯಿತು, ಮುಂದಿನದು ಉಪಗ್ರಹದ ಒಡೆಯನಿಗೆ ಸೇರಿದ್ದು ಎಂದು ವಾದಿಸುವವರುಂಟು. ಈ ವಾದ ಆತ್ಮವಂಚನೆಯಲ್ಲದೆ ಬೇರೆಯಲ್ಲ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಭೇದಗಳೊಳಗೆ ಹಿಂಸಾದಾನವನ್ನೂ ಪ್ರಮಾದಚರ್ಯೆಯನ್ನೂ ಎಣಿಸಿದ್ದಾರೆ. ಕತ್ತಿ ಬೀಸಿದವನಂತೆ ಕತ್ತಿ ಕೊಟ್ಟವನೂ ದೋಷಭಾಗಿ. ಕೇಡು ಬಗೆಯದಿದ್ದರೂ ಎಚ್ಚರದಪ್ಪಿ ನಡೆದವನೂ ದೋಷಭಾಗಿ.

2009ರ ಫೆಬ್ರವರಿ 10ರಂದು ಅಮೆರಿಕದ ಇರಿಡಿಯಂ-33 ಉಪಗ್ರಹಕ್ಕೂ ರಷ್ಯದ ನಿಷ್ಕ್ರಿಯ ಕಾಸ್ಮಾಸ್-2251ಕ್ಕೂ ಸೈಬೀರಿಯದ ಮೇಲೆ ಡಿಕ್ಕಿಯಾಯಿತು. ಯಾರೂ ಯಾರಿಗೂ ಕೇಡು ಬಗೆದಿರಲಿಲ್ಲ. ಆದರೂ ಎರಡು ಸಾವಿರದಷ್ಟು ದೊಡ್ಡ ಚೂರುಗಳು ಹುಟ್ಟಿ ಇತರ ಉಪಗ್ರಹಗಳಿಗೆ ಕಂಟಕವಾದವು. ಪ್ರಮಾದಚರ್ಯೆಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕೆ?

ಇದಕ್ಕೆ ಅಂತರಿಕ್ಷ ವಿಜ್ಞಾನವನ್ನೇ ತ್ಯಜಿಸಬೇಕೆಂಬುದೂ ಅವಿವೇಕ. ಚಂಡಮಾರುತದ ಮುನ್ಸೂಚನೆ ಕೊಟ್ಟು ಕರಾವಳಿಯ ಜೀವಗಳನ್ನು ಉಳಿಸುವುದೂ ಉಪಗ್ರಹವೇ. ವಿವೇಕದ ದಾರಿ ಬೇರೆಯಿದೆ. ಉಪಗ್ರಹದ ಪುಟ್ಟ ಎಂಜಿನ್ನುಗಳಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಇಂಧನ ಹೈಡ್ರಜೀನ್. ಅದನ್ನು ತುಂಬುವ ಕೆಲಸಗಾರ ಮೈಯೆಲ್ಲ ಮುಚ್ಚುವ ರಕ್ಷಾಕವಚ ತೊಡಬೇಕಾದಷ್ಟು ಅದು ವಿಷಕಾರಿ. 2015ರಲ್ಲಿ ಆರಂಭವಾದ ಬೆಂಗಳೂರಿನ ಬೆಲಾಟ್ರಿಕ್ಸ್ ಏರೋಸ್ಪೇಸ್ ಎಂಬ ಸಣ್ಣ ಕಂಪನಿ ಅದರ ಬದಲಿಗೆ ವಿಷ ಕಡಿಮೆಯಿರುವ ಇಂಧನದ 'ರುದ್ರ' ಎಂಬ ಎಂಜಿನ್ ರೂಪಿಸಿತು. ಇಸ್ರೋದ ಪಿಎಸ್‌ಎಲ್‌ವಿ-ಸಿ58 ರಾಕೆಟ್ 2024ರ ಜನವರಿ 1ರಂದು ಅದನ್ನು ಹೊತ್ತೊಯ್ದಿತು. ಆ ರಾಕೆಟ್ಟಿನ ಕೊನೆಯ ಹಂತವನ್ನೇ ಪೋಯೆಮ್-3 ಎಂಬ ಪ್ರಯೋಗವೇದಿಕೆಯಾಗಿಸಿ, 650 ಕಿಲೋಮೀಟರಿನಿಂದ 350ಕ್ಕೆ ಇಳಿಸಿ ಪರೀಕ್ಷೆಗಳನ್ನು ನಡೆಸಲಾಯಿತು. ಮಾರ್ಚ್ 21ರಂದು ಅದು ವಾಯುಮಂಡಲಕ್ಕೆ ಮರಳಿತು. ಕಕ್ಷೆಯಲ್ಲಿ ಕಸ ಉಳಿಯಲಿಲ್ಲ.

ಇಂತಹ ಎಚ್ಚರಕ್ಕೆ ಖರ್ಚು ಹೆಚ್ಚೆಂಬ ಆಕ್ಷೇಪ ಬರಬಹುದು. ನೀರನ್ನು ಸೋಸಿ ಕುಡಿಯುವುದಕ್ಕೂ ಶ್ರಮ ಹೆಚ್ಚು. ಹಾಗೆಂದು ಯಾವ ಶ್ರಾವಕನ ಮನೆಯಲ್ಲಿ ಅದನ್ನು ಬಿಟ್ಟಿದ್ದಾರೆ?

ಆದುದರಿಂದ ಈ ವೃತ್ತಿಗೆ ಮಕ್ಕಳನ್ನು ಕಳಿಸುವ ಹಿರಿಯರೂ, ಉದ್ಯಮಿಗಳ ದಾನ ಪಡೆದು ಬಸದಿಯ ವೇದಿಕೆಯಲ್ಲಿ ಶಾಲು ಹೊದಿಸುವ ಟ್ರಸ್ಟುಗಳೂ ಮೂರು ಪ್ರಶ್ನೆಗಳನ್ನು ಕೇಳಲಿ: ಅದರಲ್ಲಿ ಉರಿಯುವುದೇನು? ಕೆಲಸ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಕೊಂಡವನು ಅದನ್ನು ಯಾವುದಕ್ಕೆ ಬಳಸುತ್ತಾನೆ? ಉತ್ತರ ಕೇಳದೆ ಸ್ವೀಕರಿಸಿದ ದಾನದಲ್ಲಿ ಆ ದೋಷದ ಪಾಲೂ ಸೇರಿರುತ್ತದೆ.