ಮದ್ದು ಸಿದ್ಧವಿತ್ತು, ಬಿಡುವವರಿರಲಿಲ್ಲ

2017ರ ಮೇ 12ರ ಶುಕ್ರವಾರ ಹರಡಲಾರಂಭಿಸಿದ ‘ವಾನಾಕ್ರೈ’ ಎಂಬ ಕಂಪ್ಯೂಟರ್ ವರ್ಮ್ ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳಿಗೆ ತಗುಲಿತು. ಕಡತಗಳಿಗೆಲ್ಲ ಬೀಗ ಜಡಿದು, ಬಿಡಿಸಿಕೊಳ್ಳಬೇಕಾದರೆ 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೊಡಿ ಎಂದು ಕೇಳಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ನಮ್ಮ ದೇಶದಲ್ಲಿ ಆಂಧ್ರದ ಕೆಲವು ಪೊಲೀಸ್ ಠಾಣೆಗಳು, ವಯನಾಡಿನ ತರಿಯೋಡು ಗ್ರಾಮ ಪಂಚಾಯತ್ ಕಚೇರಿ, ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗೀಯ ಕಚೇರಿ ಅದರ ಹೊಡೆತಕ್ಕೆ ಸಿಕ್ಕವು. ಮಂಗಳೂರು ಸೆಂಟ್ರಲ್ ನಿಲ್ದಾಣ ಇರುವುದು ಇದೇ ಪಾಲಕ್ಕಾಡ್ ವಿಭಾಗದಲ್ಲಿ. ವಯನಾಡಿನ ಗುಡ್ಡಗಾಡಿನ ಪಂಚಾಯತ್ ಕಚೇರಿಗೂ ನಮ್ಮ ದಕ್ಷಿಣ ಕನ್ನಡದ ಚಾರ್ಮಾಡಿ ಘಾಟಿಯ ಬುಡದಲ್ಲಿರುವ ಪಂಚಾಯತ್ ಕಚೇರಿಗೂ ಕೆಲಸದಲ್ಲಾಗಲಿ ಸೌಕರ್ಯದಲ್ಲಾಗಲಿ ಹೆಚ್ಚಿನ ಅಂತರವಿಲ್ಲ. ಅಲ್ಲಿಗೆ ಬಂದದ್ದು ಇಲ್ಲಿಗೂ ಬರಬಹುದು.

ಈ ಪ್ರಕರಣದಲ್ಲಿ ಮನಸ್ಸಿಗೆ ಚುಚ್ಚುವುದು ತಾರೀಕುಗಳು. ವಾನಾಕ್ರೈ ನುಗ್ಗಿದ್ದು ವಿಂಡೋಸ್‌ನಲ್ಲಿ ಕಡತ ಹಂಚಿಕೊಳ್ಳುವ ಹಳೆಯ ವ್ಯವಸ್ಥೆಯ ಲೋಪವೊಂದರ ಮೂಲಕ. ಅದನ್ನು ಸರಿಪಡಿಸುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಮಾರ್ಚ್ 14ರಂದೇ ಕೊಟ್ಟಿತ್ತು. ಹಾಕಿಕೊಳ್ಳಲು ಎಂಟು ವಾರ ಸಮಯವಿತ್ತು. 2003ರ ಜನವರಿಯಲ್ಲಿ ‘ಸ್ಲ್ಯಾಮರ್’ ವರ್ಮ್ ಹತ್ತು ನಿಮಿಷದೊಳಗೆ ಜಗತ್ತನ್ನು ಸುತ್ತಿದಾಗ ಅದರ ಅಪ್‌ಡೇಟ್ ಬಂದು ಆರು ತಿಂಗಳಾಗಿತ್ತು. 2008ರ ನವೆಂಬರಿನ ‘ಕಾನ್‌ಫಿಕರ್’ಗೆ ಅಕ್ಟೋಬರಿನಲ್ಲೇ ಪರಿಹಾರ ಸಿಕ್ಕಿತ್ತು. ಮೂರು ಸಲವೂ ಮದ್ದು ಮೊದಲು ಬಂತು, ರೋಗ ಆಮೇಲೆ ಬಂತು. ಆದ್ದರಿಂದ ವರ್ಮ್ ಹಾವಳಿಯನ್ನು ತಂತ್ರಜ್ಞಾನದ ಸೋಲು ಎನ್ನುವುದು ಪೂರ್ತಿ ಸರಿಯಲ್ಲ. ಅದು ನಿರ್ವಹಣೆಯ ಸೋಲು, ಮತ್ತು ನಿರ್ವಹಣೆಗೆ ಯಾರನ್ನೂ ಹೊಣೆ ಮಾಡದ ಸಂಸ್ಥೆಗಳ ಸೋಲು.

ವೈರಸ್ ಇನ್ನೊಂದು ಕಡತಕ್ಕೆ ಅಂಟಿಕೊಂಡು ಬರುತ್ತದೆ. ಯಾರಾದರೂ ಆ ಕಡತ ತೆರೆಯಬೇಕು. ವರ್ಮ್‌ಗೆ ಸಾಮಾನ್ಯವಾಗಿ ಆ ಉಪಕಾರವೂ ಬೇಕಿಲ್ಲ. ಒಂದು ಯಂತ್ರದೊಳಗೆ ಕೂತು ಅದೇ ಜಾಲದಲ್ಲಿರುವ ಉಳಿದ ಯಂತ್ರಗಳ ಬಾಗಿಲು ತಟ್ಟುತ್ತದೆ, ತೆರೆದದ್ದು ಸಿಕ್ಕರೆ ತನ್ನ ಪ್ರತಿಯನ್ನು ಒಳಗೆ ಬಿಡುತ್ತದೆ, ಆ ಪ್ರತಿ ಮತ್ತೆ ಅದೇ ಕೆಲಸ ಮಾಡುತ್ತದೆ. 1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಟ್ಟ ವರ್ಮ್, ಆಗಿನ ಇಂಟರ್‌ನೆಟ್‌ನ ಸುಮಾರು ಹತ್ತನೇ ಒಂದು ಭಾಗವನ್ನು ಸ್ತಬ್ಧಗೊಳಿಸಿತೆಂದು ಅಂದಾಜು. ಅದು ಸುಲಭದ ಪಾಸ್‌ವರ್ಡ್‌ಗಳನ್ನು ಊಹಿಸಿಯೂ ಒಳಹೊಕ್ಕಿತ್ತು. 2016ರಲ್ಲಿ ‘ಮಿರಾಯ್’ ಎಂಬ ವರ್ಮ್ ಸಿಸಿಟಿವಿ ಕ್ಯಾಮೆರಾ ಮತ್ತು ರೌಟರ್‌ಗಳನ್ನು ವಶಪಡಿಸಿಕೊಂಡದ್ದೂ ಕಂಪನಿ ಹಾಕಿಕೊಟ್ಟ ಪಾಸ್‌ವರ್ಡನ್ನು ಯಾರೂ ಬದಲಿಸದೆ ಬಿಟ್ಟದ್ದರಿಂದ. ಅಂಗಡಿ, ಶಾಲೆ, ಸಹಕಾರಿ ಸಂಘಗಳ ಗೋಡೆಯ ಮೇಲೆ ಇಂದು ಇರುವ ಕ್ಯಾಮೆರಾಗಳಲ್ಲಿ ಎಷ್ಟರ ಪಾಸ್‌ವರ್ಡ್ ಬದಲಾಗಿದೆ ಎಂದು ಕೇಳಿ ನೋಡಬೇಕು.

ಇಂಟರ್‌ನೆಟ್ ಇಲ್ಲದ ಕಡೆಗೂ ವರ್ಮ್ ಹೋಗುತ್ತದೆ. ಕಾಲೇಜುಗಳಿರುವ ಉಜಿರೆ, ಮೂಡುಬಿದಿರೆಯಂಥ ಊರುಗಳ ಝೆರಾಕ್ಸ್ ಅಂಗಡಿಯ ಕೆಲಸವನ್ನೇ ಗಮನಿಸಿ. ಪ್ರಾಜೆಕ್ಟ್ ವರದಿಯ ಪ್ರಿಂಟ್‌ಗೆ ಬಂದ ವಿದ್ಯಾರ್ಥಿ ಪೆನ್‌ಡ್ರೈವ್ ಕೊಡುತ್ತಾನೆ. ಅಂಗಡಿಯ ಕಂಪ್ಯೂಟರ್‌ನಲ್ಲಿ ಮೊದಲೇ ಇರುವ ವರ್ಮ್ ಅವನ ಫೋಲ್ಡರುಗಳನ್ನೆಲ್ಲ ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳನ್ನು ಇಡುತ್ತದೆ. ಕಾಲೇಜಿಗೆ ಮರಳಿ ಅದನ್ನು ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿನ್ನೆಲೆಯಲ್ಲಿ ವರ್ಮ್ ಕೂಡ ಚಾಲೂ ಆಗುತ್ತದೆ. ಕೆಲಸ ನಡೆಯುವುದರಿಂದ ಅನುಮಾನ ಬರುವುದಿಲ್ಲ. ಗುರುತು ಹಿಡಿಯಲು ಒಂದೇ ಸೂಚನೆ ಸಾಕು: ಐಕಾನ್‌ನ ಮೂಲೆಯಲ್ಲಿ ಸಣ್ಣ ಬಾಣದ ಗುರುತು. ಸ್ವಂತ ಫೋಲ್ಡರಿನ ಮೇಲೆ ಆ ಬಾಣ ಕಂಡರೆ ಒತ್ತಬಾರದು. ಇರಾನ್‌ನ ನತಾಂಜ್ ಪರಮಾಣು ಕೇಂದ್ರವನ್ನು ಗುರಿಯಾಗಿಸಿದ್ದ ‘ಸ್ಟಕ್ಸ್‌ನೆಟ್’ ಕೂಡ ಪೆನ್‌ಡ್ರೈವ್ ಮೂಲಕ ಹರಡುತ್ತಿತ್ತು. ಆ ವರ್ಮ್ 2010ರಲ್ಲಿ ಬಯಲಾದಾಗ, ಅದಕ್ಕೂ ಭಾರತಕ್ಕೂ ಯಾವ ಸಂಬಂಧ ಇಲ್ಲದಿದ್ದರೂ, ಹೆಚ್ಚು ಸೋಂಕು ಕಂಡ ಮೂರು ದೇಶಗಳಲ್ಲಿ ನಮ್ಮದೂ ಒಂದಾಗಿತ್ತು.

‘ಎಚ್ಚರಿಕೆಯಿಂದಿರಿ, ಸಿಕ್ಕಿದ್ದನ್ನೆಲ್ಲ ಒತ್ತಬೇಡಿ’ ಎಂಬ ಉಪದೇಶ ಬ್ಯಾಂಕಿನ ಪೋಸ್ಟರಿನಿಂದ ಹಿಡಿದು ಪೊಲೀಸರ ಜಾಗೃತಿ ಶಿಬಿರದವರೆಗೆ ಎಲ್ಲೆಡೆ ಕೇಳಿಬರುತ್ತದೆ. ಒಟಿಪಿ ವಂಚನೆಗೆ ಅದು ಸರಿಯಾದ ಮಾತು. ಆದರೆ ಯಾರೂ ಏನನ್ನೂ ಒತ್ತದೆ ಹರಡುವ ವರ್ಮ್‌ನ ಮುಂದೆ ಆ ಉಪದೇಶದಿಂದ ಪ್ರಯೋಜನ ಕಡಿಮೆ. ಅನಾಹುತವಾದ ಮೇಲೆ ಡೇಟಾ ಎಂಟ್ರಿ ಆಪರೇಟರ್‌ನ ಮೇಲೆ ತಪ್ಪು ಹೊರಿಸಲು ಮಾತ್ರ ಅದು ಒದಗುತ್ತದೆ.

ನಮ್ಮ ತಾಲೂಕುಗಳ ಅಡಿಕೆ ಬೆಳೆಗಾರರು ಈ ವಿಷಯವನ್ನು ಬೇರೆಯವರಿಗಿಂತ ಬೇಗ ಅರ್ಥ ಮಾಡಿಕೊಳ್ಳುತ್ತಾರೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವೇ ಮದ್ದು ಎಂದು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ತೋರಿಸಿಕೊಟ್ಟು ನೂರು ವರ್ಷ ದಾಟಿದೆ. ಮೈಲುತುತ್ತು, ಸುಣ್ಣ ಕಲಸಿ ಮಳೆ ಹಿಡಿಯುವ ಮೊದಲೇ ಮದ್ದು ಬಿಡಬೇಕು, ನಲವತ್ತು–ನಲವತ್ತೈದು ದಿನಕ್ಕೆ ಇನ್ನೊಮ್ಮೆ ಬಿಡಬೇಕು. ಕಾಯಿ ಉದುರಲು ಶುರುವಾದ ಮೇಲೆ ಬಿಟ್ಟರೆ ಉಳಿಯುವುದು ಅಷ್ಟಕ್ಕಷ್ಟೆ. ಪಕ್ಕದ ತೋಟದವರು ಬಿಡದಿದ್ದರೆ ನಮ್ಮ ತೋಟಕ್ಕೂ ಕಾಟ ತಪ್ಪುವುದಿಲ್ಲ. ಅಪ್‌ಡೇಟ್‌ನ ನಿಯಮವೂ ಇಷ್ಟೇ: ಸಕಾಲದಲ್ಲಿ ಆಗಬೇಕು, ತಪ್ಪದೆ ಮರಳಿ ಮರಳಿ ಆಗಬೇಕು, ಎಲ್ಲ ಯಂತ್ರಗಳಿಗೂ ಆಗಬೇಕು.

ಈ ಮಾತಿಗೆ ಈಗ ಅವಸರವೂ ಇದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಿದೆ. ಮನೆಬಳಕೆಯವರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್‌ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ನೋಂದಾಯಿಸಿಕೊಳ್ಳದ ಯಂತ್ರಗಳಿಗೆ ಹೊಸ ಮದ್ದೇ ಬರುವುದಿಲ್ಲ. ಹಳೆಯ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ 11ಕ್ಕೆ ಅರ್ಹವಲ್ಲ. ಇನ್ನೊಂದೆಡೆ, ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳನ್ನು ₹2,516 ಕೋಟಿ ವೆಚ್ಚದಲ್ಲಿ ಗಣಕೀಕರಿಸಿ ಒಂದೇ ಜಾಲಕ್ಕೆ ತರುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಗಣಕೀಕರಣ ಬೇಕಾದದ್ದೇ. ಆದರೆ ಜಾಲ ದೊಡ್ಡದಾದಷ್ಟೂ ಒಂದು ಮೂಲೆಯ ಅಸಡ್ಡೆಗೆ ಇಡೀ ಜಾಲ ಬೆಲೆ ತೆರಬೇಕಾಗುತ್ತದೆ. 2024ರ ಜುಲೈ ಕೊನೆಯಲ್ಲಿ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳಿಗೆ ಸೇವೆ ನೀಡುವ ಒಂದು ಕಂಪನಿಯ ವ್ಯವಸ್ಥೆಗೆ ಕಡತ ಒತ್ತೆಯಿಡುವ ರ‍್ಯಾನ್ಸಮ್‌ವೇರ್ ದಾಳಿಯಾದಾಗ, ಅದು ಮುಂದೆ ಹಬ್ಬದಂತೆ ರಾಷ್ಟ್ರೀಯ ಪಾವತಿ ನಿಗಮ ಸಂಪರ್ಕವನ್ನೇ ಕಡಿದುಹಾಕಿತು. ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರ ಪಾವತಿ ನಿಂತಿತು. ತೊಂದರೆಗೆ ಸಿಕ್ಕವರಲ್ಲಿ ಯಾರೂ ಯಾವ ತಪ್ಪನ್ನೂ ಮಾಡಿರಲಿಲ್ಲ.

‘ಅಪ್‌ಡೇಟ್ ಹಾಕಿದರೆ ಸ್ಲೋ ಆಗುತ್ತದೆ, ನಡುವೆ ಕರೆಂಟ್ ಹೋದರೆ ಇದ್ದದ್ದೂ ಹಾಳು’ ಎನ್ನುವ ಆಪರೇಟರ್‌ಗಳ ಅಂಜಿಕೆ ಸುಳ್ಳಲ್ಲ. ಮಳೆಗಾಲದಲ್ಲಿ ಘಾಟಿಯ ಬುಡದ ಊರುಗಳಲ್ಲಿ ವಿದ್ಯುತ್ತೂ ನೆಟ್‌ವರ್ಕೂ ಹೇಳದೆ ಹೋಗುತ್ತವೆ. ಅಪ್‌ಡೇಟೇ ಆಪತ್ತು ತಂದ ನಿದರ್ಶನವೂ ಇದೆ: 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಕುಸಿದವು, ವಿಮಾನಗಳು ನಿಂತವು. ಇದಕ್ಕೆ ಪರಿಹಾರ ಅಪ್‌ಡೇಟನ್ನೇ ಬಿಟ್ಟುಬಿಡುವುದಲ್ಲ. ಮೊದಲು ಒಂದು ಯಂತ್ರಕ್ಕೆ ಹಾಕಿ, ಕೆಲಸ ಸುಸೂತ್ರವಾದರೆ ಉಳಿದವಕ್ಕೆ ಹಾಕಬೇಕು. ಇದಕ್ಕೆ ಯುಪಿಎಸ್, ಒಂದಷ್ಟು ಡೇಟಾ, ಕೆಲಸ ಗೊತ್ತಿರುವ ಒಬ್ಬ ವ್ಯಕ್ತಿ ಬೇಕು. ಆಪರೇಟರ್ ಇದನ್ನು ತನ್ನ ಜೇಬಿನಿಂದ ಹೊಂದಿಸಲಾರ. ಸಂಸ್ಥೆ ಬಜೆಟ್‌ನಲ್ಲಿ ತೆಗೆದಿಡಬೇಕು.

ಹಾಗಾದರೆ ಆಗಬೇಕಾದದ್ದೇನು? ಪ್ರತಿ ಕಚೇರಿಯಲ್ಲಿ ಎಷ್ಟು ಯಂತ್ರಗಳಿವೆ, ಯಾವುದರಲ್ಲಿ ಯಾವ ವಿಂಡೋಸ್ ಇದೆ ಎಂಬ ರಿಜಿಸ್ಟರ್ ಇರಬೇಕು. ಲೆಕ್ಕಕ್ಕೆ ಸಿಗದ ಯಂತ್ರವೇ ವರ್ಮ್‌ನ ಮೊದಲ ಬಿಡಾರ. ಕಳ್ಳಪ್ರತಿಯ ವಿಂಡೋಸ್ ತೆಗೆದುಹಾಕಬೇಕು. ಹೊಸ ವಿಂಡೋಸ್ ಹಿಡಿಸದ ಯಂತ್ರಗಳಿಗೆ ಉಚಿತ ಲಿನಕ್ಸ್ ಇದೆ. ಪಕ್ಕದ ಕಾಸರಗೋಡಿನ ಸರ್ಕಾರಿ ಶಾಲೆಗಳ ಮಕ್ಕಳು ಕಲಿಯುತ್ತಿರುವುದು ಅದರಲ್ಲೇ. ಸಾರ್ವಜನಿಕರ ಪೆನ್‌ಡ್ರೈವ್ ಹಾಕುವ ಕಂಪ್ಯೂಟರ್ ಒಂದನ್ನು ಕಚೇರಿಯ ಜಾಲದಿಂದ ಬೇರೆಯಾಗಿಡಬೇಕು. ದಿನದ ಕೆಲಸಕ್ಕೆ ಅಡ್ಮಿನ್ ಖಾತೆ ಬಳಸಬಾರದು. ಕಡತಗಳ ಬ್ಯಾಕಪ್ ತೆಗೆದು, ಕೇಬಲ್ ಕಿತ್ತು ಬೀರುವಿನಲ್ಲಿಡಬೇಕು. ಸದಾ ಜೋಡಿಸಿಯೇ ಇಟ್ಟ ಹಾರ್ಡ್ ಡಿಸ್ಕ್‌ಗೂ ವರ್ಮ್ ಬೀಗ ಹಾಕುತ್ತದೆ. ಆ ಬ್ಯಾಕಪ್‌ನಿಂದ ಕಡತಗಳು ನಿಜವಾಗಿಯೂ ಮರಳಿ ಬರುತ್ತವೆಯೇ ಎಂದು ಆಗಾಗ ಪರೀಕ್ಷಿಸಬೇಕು. ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರ ಸೋಂಕು ತೆಗೆಯುವ ತಂತ್ರಾಂಶಗಳನ್ನೂ, ಪೆನ್‌ಡ್ರೈವ್ ಕಾವಲಿಗೆ ‘ಯುಎಸ್‌ಬಿ ಪ್ರತಿರೋಧ್’ ಎಂಬುದನ್ನೂ ಉಚಿತವಾಗಿ ಕೊಡುತ್ತದೆ.

ಸೋಂಕು ತಗುಲಿದ್ದು ಗೊತ್ತಾದರೆ ಮೊದಲು ನೆಟ್‌ವರ್ಕ್ ಕೇಬಲ್ ಕೀಳಬೇಕು, ವೈಫೈ ಆರಿಸಬೇಕು. ಕೇಳಿದ ಹಣ ಕೊಡಬಾರದು. ಕೊಟ್ಟರೂ ಕಡತ ಮರಳುವ ಖಾತ್ರಿಯಿಲ್ಲ. ಆರು ಗಂಟೆಯೊಳಗೆ ಕೇಂದ್ರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್‌ಗೆ ತಿಳಿಸಬೇಕೆಂದು 2022ರ ಏಪ್ರಿಲ್‌ನ ನಿರ್ದೇಶನವಿದೆ. ಮರ್ಯಾದೆ ಹೋದೀತೆಂದು ಮುಚ್ಚಿಟ್ಟು, ಫಾರ್ಮ್ಯಾಟ್ ಮಾಡಿಸಿ ಸುಮ್ಮನಾದರೆ ಪಕ್ಕದ ಕಚೇರಿಗೆ ಸಿಗಬೇಕಾದ ಎಚ್ಚರಿಕೆ ಸಿಗದೆ ಹೋಗುತ್ತದೆ.

2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಘಾಟಿಯ ಗುಡ್ಡ ಕುಸಿದು ಸಂಚಾರ ಕಡಿದುಹೋದಾಗ ಜಿಲ್ಲೆಯೇ ಅದನ್ನು ಮಾತಾಡಿತು, ದುರಸ್ತಿಗೆ ಒತ್ತಾಯಿಸಿತು. ಪಹಣಿ, ಖಾತೆ, ಬೆಳೆಸಾಲ, ಹಾಲಿನ ಲೆಕ್ಕ ಎಲ್ಲವೂ ಸಾಗುವ ಗಣಕದ ಹಾದಿಗೂ ಅಷ್ಟೇ ಒತ್ತಾಯ ಬೇಕು. ಅದನ್ನು ಮಾಡುವ ಅಧಿಕಾರ ಸಹಕಾರಿ ಸಂಘದ ಪ್ರತಿ ಸದಸ್ಯನಿಗೂ ಇದೆ. ಮುಂದಿನ ವಾರ್ಷಿಕ ಮಹಾಸಭೆಯಲ್ಲಿ ಡಿವಿಡೆಂಡ್ ಎಷ್ಟು ಎಂದು ಕೇಳಿದ ಮೇಲೆ ಇನ್ನು ಮೂರು ಪ್ರಶ್ನೆ ಕೇಳಿ: ನಮ್ಮ ಕಂಪ್ಯೂಟರ್‌ಗಳಿಗೆ ಕೊನೆಯ ಅಪ್‌ಡೇಟ್ ಹಾಕಿದ್ದು ಯಾವಾಗ? ಬ್ಯಾಕಪ್ ಎಲ್ಲಿದೆ? ಇದಕ್ಕೆ ಹೊಣೆ ಯಾರು? ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಹೆಸರು ಸಹಿತ ಬರೆಸಿ.